ಫೋಟೊಗೆ ಚಾಕೊಲೇಟ್ ಶಿಲ್ಪ: ಕೆತ್ತುವುದಾ, ಅಚ್ಚು ಹೊಯ್ಯುವುದಾ, ಕೈಯಲ್ಲೇ ತಿದ್ದುವುದಾ?

ಸ್ಟಿಲ್ ಲೈಫ್ (ಮೇಜಿನ ಮೇಲೆ ಜೋಡಿಸಿಟ್ಟ ನಿಶ್ಚಲ ವಸ್ತುಗಳ) ಫೋಟೊಗೆ ಚಾಕೊಲೇಟಿನಲ್ಲಿ ಒಂದು ಆಕೃತಿ ಮಾಡಬೇಕು ಅಂತ ಹೊರಟವರು ಹೆಚ್ಚಾಗಿ ಒಂದೇ ಕಡೆ ನಿಂತುಬಿಡುತ್ತಾರೆ. ಗಟ್ಟಿ ಚಾಕೊಲೇಟನ್ನು ಕೆತ್ತಬೇಕಾ? ಅಚ್ಚು ಮಾಡಿ ಹೊಯ್ಯಬೇಕಾ? ಕೈಯಲ್ಲೇ ತಿದ್ದುವ ಮಾಡೆಲಿಂಗ್ ಚಾಕೊಲೇಟ್ ಸಾಕಾ? ಇಲ್ಲಾ ಜೇಡಿಮಣ್ಣಿನಲ್ಲಿ ಮಾಡಿ ಕಂದು ಬಣ್ಣ ಬಳಿದರೆ ಯಾರಿಗೆ ಗೊತ್ತಾಗುತ್ತದೆ?

ನಾಲ್ಕರಿಂದಲೂ ಒಳ್ಳೆಯ ಫೋಟೊ ತೆಗೆಯಬಹುದು. ಆದರೆ ನಾಲ್ಕರಿಂದಲೂ ಒಂದೇ ಥರದ ಫೋಟೊ ಬರುವುದಿಲ್ಲ. ಹೆಚ್ಚಿನವರು 'ನನಗೆ ಯಾವುದು ಮಾಡಲು ಬರುತ್ತದೆ' ಅಂತ ಯೋಚಿಸಿ ಆರಿಸುತ್ತಾರೆ. ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಕ್ಯಾಮೆರಾಗೆ ಎಂಥ ಮೇಲ್ಮೈ ಕಾಣಬೇಕು, ಅದು ಎಷ್ಟು ಹೊತ್ತು ಹಾಗೇ ಉಳಿಯಬೇಕು? ಇಲ್ಲಿ ಕೊನೆಯ ಕೃತಿ ಫೋಟೊ. ಶಿಲ್ಪ ಅಲ್ಲಿಯವರೆಗೆ ಬದುಕಿದ್ದರೆ ಸಾಕು. ವಿಕ್ ಮುನಿಜ್ ಎಂಬ ಕಲಾವಿದರು 1990ರ ದಶಕದಲ್ಲಿ ಚಾಕೊಲೇಟ್ ಸಿರಪ್‌ನಲ್ಲೇ ಚಿತ್ರ ಬರೆದು ಅದರ ಫೋಟೊ ತೆಗೆದರು. ಉಳಿದದ್ದು ಫೋಟೊ, ಸಿರಪ್ ಅಲ್ಲ. ಇದನ್ನು ಒಪ್ಪಿಕೊಂಡರೆ ಎಷ್ಟೋ ತಲೆನೋವು ತಾನಾಗಿ ಕಡಿಮೆಯಾಗುತ್ತದೆ.

ಹೋಲಿಸಲು ಒಂದು ವಸ್ತು ಇಟ್ಟುಕೊಳ್ಳೋಣ: ಅಂಗೈ ತುಂಬುವಷ್ಟು ದೊಡ್ಡ ಬಸವನಹುಳು. ಚಿಪ್ಪು ನುಣುಪು, ಅದರ ಮೇಲೆ ಸುರುಳಿ ಗೆರೆ. ಮೈ ಒದ್ದೆಯಾದಂತೆ, ತುಂಬಾ ಸಣ್ಣ ಸಣ್ಣ ಉಬ್ಬು. ಕೊಂಬುಗಳು ತೀರಾ ತೆಳು. ಒಂದೇ ಆಕೃತಿಯಲ್ಲಿ ಮೂರು ಬಗೆಯ ಕಷ್ಟ ಇದೆ, ಅದಕ್ಕೇ ಆರಿಸಿದೆ.

ಯಾವ ಅಳತೆಗೋಲು?

ಮೊದಲನೆಯದು ಮೇಲ್ಮೈ. ಕನ್ನಡಿಯಂಥ ಹೊಳಪು ಬೇಕಾ, ಮಂದ ಹೊಳಪಾ, ಹೊಳಪೇ ಇಲ್ಲದ ಒರಟು ಮೈಯಾ? ಫೋಟೊ ನೋಡುವವರಿಗೆ 'ಇದು ಚಾಕೊಲೇಟ್' ಅಂತ ಅನಿಸುವುದು ಬಣ್ಣದಿಂದ ಅಷ್ಟಲ್ಲ. ಕಂದು ಬಣ್ಣ ಮರಕ್ಕೂ ಇದೆ, ಮಣ್ಣಿಗೂ ಇದೆ. ಅಂಚು ಮುರಿದ ಬಗೆ, ಹೊಳಪು ಜಾರುವ ಬಗೆ, ಚೂರು ಉದುರಿದ ಬಗೆ, ಇವು ಚಾಕೊಲೇಟಿನ ಗುರುತು. ಆರಿಸಿದ ವಿಧಾನ ಇವುಗಳಲ್ಲಿ ಒಂದನ್ನಾದರೂ ಕೊಡಬೇಕು.

ಎರಡನೆಯದು ಬೆಳಕಿನ ಕೆಳಗೆ ಎಷ್ಟು ಹೊತ್ತು ತಾಳುತ್ತದೆ ಎಂಬುದು. ಸರಿಯಾಗಿ ಗಟ್ಟಿಯಾದ ಡಾರ್ಕ್ ಚಾಕೊಲೇಟ್ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಎಷ್ಟೋ ಮುಂಚೆಯೇ ಮೆತ್ತಗಾಗಿ ಅಂಚು ಕಳೆದುಕೊಳ್ಳುತ್ತದೆ. ಮಿಲ್ಕ್ ಮತ್ತು ವೈಟ್ ಚಾಕೊಲೇಟ್ ಇನ್ನೂ ಬೇಗ ಸೋಲುತ್ತವೆ, ಅವುಗಳಲ್ಲಿರುವ ಹಾಲಿನ ಕೊಬ್ಬು ಇನ್ನೂ ಮೃದು. ಕೋಣೆ 18ರಿಂದ 20 ಡಿಗ್ರಿಯಲ್ಲಿದ್ದರೆ ಆರಾಮ. ಹ್ಯಾಲೊಜೆನ್ ದೀಪ ಬಿಡುವುದು ಬೆಳಕಿಗಿಂತ ಬಿಸಿಯನ್ನೇ ಜಾಸ್ತಿ, ಅದು ಇಲ್ಲಿಗೆ ಬೇಡ. ಎಲ್‌ಇಡಿ ಒಳ್ಳೆಯದು. ಫ್ಲ್ಯಾಶ್ ಇನ್ನೂ ಒಳ್ಳೆಯದು, ಅದರ ಮಾಡೆಲಿಂಗ್ ದೀಪವನ್ನು (ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಲು ಫ್ಲ್ಯಾಶ್‌ನಲ್ಲೇ ಇರುವ, ಸದಾ ಉರಿಯುವ ದೀಪ) ಆಫ್ ಮಾಡಿಟ್ಟರೆ. ಫೋಕಸ್ ಸ್ಟ್ಯಾಕಿಂಗ್ (ಫೋಕಸ್ ಸ್ವಲ್ಪ ಸ್ವಲ್ಪವೇ ಬದಲಿಸಿ ತೆಗೆದ ಹಲವು ಫ್ರೇಮುಗಳನ್ನು ಒಂದೇ ಚಿತ್ರವಾಗಿ ಸೇರಿಸುವುದು) ಮಾಡುವವರಿಗೆ ಈ ಅಂಶ ತುಂಬಾ ಮುಖ್ಯ. ಹತ್ತಾರು ಫ್ರೇಮ್ ತೆಗೆಯುವಷ್ಟರಲ್ಲಿ ಕೊಂಬು ಕೂದಲೆಳೆಯಷ್ಟು ಬಾಗಿದರೂ ಫ್ರೇಮುಗಳು ಒಂದಕ್ಕೊಂದು ಕೂಡುವುದಿಲ್ಲ.

ಮೂರನೆಯದು ಎಷ್ಟು ಸೂಕ್ಷ್ಮ ಕೆಲಸ ಬೇಕು ಎಂಬುದು. ನಾಲ್ಕನೆಯದು ಖರ್ಚು ಮತ್ತು ಸಮಯ. ಅದರೊಳಗೇ ಇನ್ನೊಂದು ಸೇರುತ್ತದೆ: ಆಕೃತಿ ಮುರಿದರೆ ಇನ್ನೊಂದು ಸಿಗುತ್ತದಾ? ಕೊನೆಗೆ, ಅದು ನಿಜವಾದ ಚಾಕೊಲೇಟೇ ಆಗಿರಬೇಕಾ?

ಒಂದು ಮಾತು ನೆನಪಿರಲಿ. ಕ್ಯಾಮೆರಾ ನೋಡುವುದು ಒಂದೇ ಕಡೆಯಿಂದ. ಬಸವನಹುಳುವಿನ ಹಿಂಬದಿ ಬೋಳಾಗಿದ್ದರೂ ನಡೆಯುತ್ತದೆ. ಕೋನ ಮೊದಲೇ ತೀರ್ಮಾನವಾಗಿದ್ದರೆ ಕೆಲಸ ಅರ್ಧ ಮುಗಿದಂತೆ.

ಮೊದಲು ಚಾಕೊಲೇಟ್ ಯಾವುದು ಅಂತ ನೋಡಿ

ವಿಧಾನಕ್ಕಿಂತ ಮುಂಚೆ ಈ ಆಯ್ಕೆ ಇದೆ. ನಿಜವಾದ ಚಾಕೊಲೇಟಿನಲ್ಲಿ ಕೊಕೊ ಬಟರ್, ಅಂದರೆ ಕೊಕೊ ಬೀಜದ ಕೊಬ್ಬು, ಇರುತ್ತದೆ. ಕಾಂಪೌಂಡ್ ಚಾಕೊಲೇಟಿನಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು, ಅದರ ಜೊತೆ ಕೊಕೊ ಪುಡಿ.

ಕೊಕೊ ಬಟರ್ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದ್ದು ಐದನೆಯ ಬಗೆ. ಹೊಳಪು, ಟಕ್ಕೆಂದು ಮುರಿಯುವ ಗುಣ, ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಳ್ಳುವ ಗುಣ, ಎಲ್ಲ ಅದರದ್ದೇ. ಆ ಹರಳು ಬರುವ ಹಾಗೆ ಕಾಯಿಸಿ, ತಣಿಸಿ, ಮತ್ತೆ ತುಸು ಬಿಸಿ ಮಾಡುವುದೇ ಟೆಂಪರಿಂಗ್. ಡಾರ್ಕ್ ಚಾಕೊಲೇಟ್ ಆದರೆ 45ರಿಂದ 50 ಡಿಗ್ರಿವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಮಿಲ್ಕ್ ಚಾಕೊಲೇಟಿಗೆ ಕೊನೆಯ ಉಷ್ಣತೆ 29–30, ವೈಟ್‌ಗೆ 28–29. ಥರ್ಮಾಮೀಟರ್ ಇಲ್ಲದೆ ಅಂದಾಜಿನ ಮೇಲೆ ಇಷ್ಟು ಸಣ್ಣ ಅಂತರ ಹಿಡಿಯುವುದು ಕಷ್ಟ. ತಪ್ಪಿದರೆ ಮೇಲೆ ಬೂದು ಬಣ್ಣದ ಪಟ್ಟೆಗಳು ಏಳುತ್ತವೆ. ಫ್ಯಾಟ್ ಬ್ಲೂಮ್ ಅನ್ನುತ್ತಾರೆ. ತಿನ್ನಲು ತೊಂದರೆಯಿಲ್ಲ, ಆದರೆ ಕ್ಲೋಸ್-ಅಪ್ ಫೋಟೊ ಕೆಟ್ಟಿತು.

ಕಾಂಪೌಂಡ್‌ಗೆ ಈ ಕಾಟ ಇಲ್ಲ. ಕರಗಿಸಿ, ಹೊಯ್ದು, ಬಿಟ್ಟರೆ ಆಯಿತು. ಬೆಲೆಯೂ ಕಡಿಮೆ. ಹೊಳಪು ಬರುತ್ತದೆ, ಆದರೆ ಕೊಂಚ ಪ್ಲಾಸ್ಟಿಕ್ ಥರ, ಎಲ್ಲ ಕಡೆ ಒಂದೇ ಸಮ. ಮುರಿದ ಅಂಚೂ ಅಷ್ಟು ಚೂಪಾಗಿರುವುದಿಲ್ಲ. ಮುರಿದ ತುಂಡನ್ನೇ ಹತ್ತಿರದಿಂದ ತೋರಿಸಬೇಕಾದರೆ ನಿಜವಾದದ್ದನ್ನೇ ತನ್ನಿ. ಇಡೀ ಆಕೃತಿ ದೂರದಿಂದ, ಮಂದ ಬೆಳಕಿನಲ್ಲಿ ಸಾಕು ಅಂದರೆ ಕಾಂಪೌಂಡ್ ಧಾರಾಳವಾಗಿ ಸಾಕು. ಹೊಸಬರಿಗೆ ನಾನು ಹೇಳುವುದೂ ಅದನ್ನೇ.

ಯಾವುದೇ ಆಗಲಿ, ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಸಕ್ಕರೆ ಅದನ್ನು ಹಿಡಿದುಕೊಂಡು ಇಡೀ ಪಾತ್ರೆ ಗಂಟುಗಂಟಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವವರು ಆವಿಯ ಬಗ್ಗೆ ಹುಷಾರಾಗಿರಬೇಕು.

ಕೆತ್ತುವುದು

ಕೆತ್ತನೆಯ ದೊಡ್ಡ ಲಾಭವನ್ನು ತುಂಬಾ ಜನ ಗಮನಿಸುವುದಿಲ್ಲ. ಅಂಗಡಿಯಿಂದ ತಂದ ದಪ್ಪ ಚಾಕೊಲೇಟ್ ಹಲಗೆ ಆಗಲೇ ಟೆಂಪರ್ ಆಗಿರುತ್ತದೆ. ಕರಗಿಸದೆ ಕೆತ್ತಿದರೆ ಟೆಂಪರಿಂಗ್ ಗೋಜೇ ಇಲ್ಲ. ಎತ್ತರ ಸಾಲದಿದ್ದರೆ ಎರಡು ಮೂರು ಹಲಗೆಗಳನ್ನು ಕರಗಿದ ಚಾಕೊಲೇಟ್ ಸವರಿ ಒಂದರ ಮೇಲೊಂದು ಅಂಟಿಸಬಹುದು. ನೀವೇ ದೊಡ್ಡ ಗಟ್ಟಿ ಹೊಯ್ಯುವುದಾದರೆ ಒಂದೇ ಸಲಕ್ಕೆ ಸುರಿಯಬೇಡಿ. ಗಟ್ಟಿಯಾಗುವಾಗ ಚಾಕೊಲೇಟ್ ತಾನೇ ಬಿಸಿ ಬಿಡುತ್ತದೆ. ದಪ್ಪ ಗಟ್ಟಿಯ ನಡುವೆ ಆ ಬಿಸಿ ಸಿಕ್ಕಿಬಿದ್ದು ಒಳಗಿನ ಟೆಂಪರ್ ಹಾಳಾಗುತ್ತದೆ, ಕೆತ್ತುತ್ತಾ ಹೋದಂತೆ ಒಳಗೆ ಬೂದು ಮಚ್ಚೆ ಕಾಣುತ್ತದೆ. ಪದರ ಪದರವಾಗಿ ಹೊಯ್ಯಿರಿ.

ಉಪಕರಣ ದುಬಾರಿಯಲ್ಲ. ಲಿನೋ (ಅಚ್ಚುಚಿತ್ರಕ್ಕೆ ಬಳಸುವ ಮೆತ್ತನೆಯ ಹಾಳೆ) ಕತ್ತರಿಸುವ ಉಳಿ, ಮಣ್ಣಿನ ಶಿಲ್ಪಕ್ಕೆ ಬಳಸುವ ತಂತಿ ಬಳೆಯ ಉಪಕರಣ, ಸಣ್ಣ ಚಾಕು ಸಾಕು. ಉಷ್ಣತೆ ಮಾತ್ರ ಸರಿಯಿರಬೇಕು. ಫ್ರಿಜ್‌ನಿಂದ ನೇರ ತೆಗೆದ ಗಟ್ಟಿಗೆ ಉಳಿ ತಾಗಿಸಿದರೆ ಚಕ್ಕೆ ಎದ್ದುಹೋಗುತ್ತದೆ. ಬೆಚ್ಚಗಿದ್ದರೆ ಉಳಿಗೆ ಮೆತ್ತಿಕೊಳ್ಳುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಅದೇ ಸರಿಯಾದ ಹದ.

ಚಿಪ್ಪಿನ ಸುರುಳಿ ಗೆರೆ ಕೆತ್ತುವುದನ್ನೇ ತೆಗೆದುಕೊಳ್ಳಿ. 'ಯು' ಆಕಾರದ ಉಳಿಯನ್ನು ಎಳೆದಂತೆ ಅದರ ಹಿಂದೆ ತೆಳು ಬಣ್ಣದ ಒಂದು ದಾರಿ ಬೀಳುತ್ತದೆ. ಹೊಳೆಯುವ ಕಡುಗಂದು ಮೇಲ್ಮೈಗಿಂತ ಅದು ಎಷ್ಟೋ ತಿಳಿ. ಗೆರೆಯ ತಳದಲ್ಲಿ ಪುಡಿ ಕೂತಿರುತ್ತದೆ. ಕಣ್ಣಿಗೆ ಅದು ಏನೂ ಅಲ್ಲ, ಮ್ಯಾಕ್ರೊ ಲೆನ್ಸ್‌ನಲ್ಲಿ ಮಾತ್ರ ಧೂಳು ಹಿಡಿದ ಹಳೇ ಸಾಮಾನಿನ ಹಾಗೆ ಕಾಣುತ್ತದೆ. ಮೆತ್ತನೆಯ ಮೇಕಪ್ ಬ್ರಷ್‌ನಲ್ಲಿ ಪುಡಿ ತೆಗೆದು, ನೈಟ್ರೈಲ್ ಗ್ಲೌಸ್ ತೊಟ್ಟ ಬೆರಳ ತುದಿಯಿಂದ ಗೆರೆಯ ಉದ್ದಕ್ಕೂ ಹಗುರವಾಗಿ ಒಮ್ಮೆ ಸವರಿದರೆ, ಬೆರಳ ಬಿಸಿಗೇ ಬಣ್ಣ ಮತ್ತೆ ಕಪ್ಪೇರುತ್ತದೆ. ಎಲ್ಲ ಗೆರೆಯನ್ನೂ ಹೀಗೆ ಸವರಬೇಡಿ. ಅಲ್ಲಲ್ಲಿ ತಿಳಿ ಬಣ್ಣ ಉಳಿದರೆ ಕೆತ್ತಿದ್ದು ಅಂತ ನೋಡುವವರಿಗೆ ತಿಳಿಯುತ್ತದೆ. ಆ ಕೈಗುರುತೇ ಕೆತ್ತನೆಯ ಚೆಂದ.

ಇಡೀ ಚಿಪ್ಪಿಗೆ ಹೊಳಪು ಬೇಕೆಂದರೆ ಹೇರ್ ಡ್ರೈಯರ್ ಬಿಸಿಗಾಳಿಯನ್ನು ದೂರದಿಂದ ಕ್ಷಣಹೊತ್ತು ಆಡಿಸಬಹುದು. ಮೇಲಿನ ತೆಳು ಪದರ ಕರಗಿ ಹೊಳೆಯುತ್ತದೆ. ಆದರೆ ಆ ಪದರದ ಟೆಂಪರ್ ಹೋಯಿತು, ಮುಂದೆ ಅದು ಮಂಕಾಗುತ್ತದೆ. ಶಿಲ್ಪವನ್ನು ಪ್ರದರ್ಶನಕ್ಕೆ ಇಡುವವರಿಗೆ ಇದು ತಪ್ಪು ದಾರಿ. ಫೋಟೊಗೆ ಇದೇ ಸರಿಯಾದ ದಾರಿ, ಶೂಟಿಂಗ್‌ಗೆ ಸ್ವಲ್ಪ ಮುಂಚೆ ಮಾಡಿಕೊಂಡರೆ.

ತೊಂದರೆ ಎಲ್ಲಿ? ಕೊಂಬಿನಲ್ಲಿ. ಅಷ್ಟು ತೆಳು ಭಾಗವನ್ನು ಗಟ್ಟಿಯಿಂದ ಕೆತ್ತಿ ತೆಗೆಯುವುದು ಕೈ ಪಳಗಿದವರಿಗೂ ಕಷ್ಟ. ಮುರಿದರೆ ಬೇರೆ ಪ್ರತಿ ಇರುವುದಿಲ್ಲ. ಚಾಕೊಲೇಟ್ ಕೂಡ ಜಾಸ್ತಿ ಬೇಕು. ಆದರೆ ಉದುರಿದ ಸಿಪ್ಪೆ ವ್ಯರ್ಥವಾಗುವುದಿಲ್ಲ, ಅಂಟಿಸಲು ಕರಗಿಸಿಕೊಳ್ಳಬಹುದು. ಫ್ರೇಮಿನಲ್ಲೇ ಶಿಲ್ಪದ ಸುತ್ತ ಚೆಲ್ಲಬಹುದು, ಅದಕ್ಕಿಂತ ಸಹಜವಾದ ಪ್ರಾಪ್ ಇಲ್ಲ.

ಅಚ್ಚಿನಲ್ಲಿ ಹೊಯ್ಯುವುದು

ಕನ್ನಡಿಯ ಹೊಳಪೇ ಬೇಕು ಅನ್ನುವವರಿಗೆ ಅಚ್ಚಿಗೆ ಸಾಟಿ ಇಲ್ಲ. ಚಾಕೊಲೇಟ್ ಯಾವ ಮೇಲ್ಮೈಗೆ ತಾಗಿ ಗಟ್ಟಿಯಾಗುತ್ತದೋ ಅದನ್ನೇ ನಕಲು ಮಾಡುತ್ತದೆ. ಉಜ್ಜಿ ಒರೆಸಿದ ಪಾಲಿಕಾರ್ಬೊನೇಟ್ ಅಚ್ಚಿನಿಂದ ಬರುವಷ್ಟು ಹೊಳಪು ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ಅವು ಸಿದ್ಧ ಆಕಾರಗಳು. ನಿಮ್ಮದೇ ಬಸವನಹುಳು ಬೇಕೆಂದರೆ ಮೊದಲು ಮಣ್ಣಿನಲ್ಲಿ ಮೂಲ ಆಕೃತಿ ಮಾಡಿ ಸಿಲಿಕೋನ್ ಅಚ್ಚು ತೆಗೆಯಬೇಕು. ಸಿಲಿಕೋನ್ ಬಾಗುತ್ತದೆ, ಆದ್ದರಿಂದ ಒಳಕ್ಕೆ ತಿರುಗಿದ ಸುರುಳಿಯೂ ಹರಿಯದೆ ಹೊರಬರುತ್ತದೆ. ಹೊಳಪು ಮಾತ್ರ ಒಂದು ಮೆಟ್ಟಿಲು ಕಡಿಮೆ. ಮೂಲ ಆಕೃತಿಯನ್ನೇ ಚೆನ್ನಾಗಿ ನುಣುಪು ಮಾಡಿ ವಾರ್ನಿಷ್ ಹಚ್ಚಿದರೆ ಆ ಕೊರತೆ ಬಹುಪಾಲು ತುಂಬುತ್ತದೆ.

ಕೊಳ್ಳುವಾಗ ಎರಡು ವಿಷಯ ನೋಡಿ. ಆಮೇಲೆ ಯಾರಾದರೂ ತಿನ್ನುವುದಾದರೆ ಪ್ಲಾಟಿನಮ್ ಬಗೆಯ, ಆಹಾರಕ್ಕೆ ಯೋಗ್ಯ ಎಂದು ಬರೆದಿರುವ ಸಿಲಿಕೋನ್ ಬೇಕು. ತವರ ಬಗೆಯದ್ದು ಬೇಡ. ಇನ್ನೊಂದು, ಗಂಧಕ ಇರುವ ಮಾಡೆಲಿಂಗ್ ಮಣ್ಣಿನ ಮೇಲೆ ಪ್ಲಾಟಿನಮ್ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಗಂಧಕವಿಲ್ಲದ ಮಣ್ಣು ಅಂತ ಕೇಳಿ ತನ್ನಿ.

ಹೊಯ್ಯುವಾಗ ಗಾಳಿಗುಳ್ಳೆಯೇ ದೊಡ್ಡ ಶತ್ರು. ಮೊದಲ ಪದರವನ್ನು ಬ್ರಷ್‌ನಲ್ಲಿ ಮೂಲೆಮೂಲೆಗೂ ತಾಗಿಸಿ, ಆಮೇಲೆ ಸುರಿದು, ಅಚ್ಚನ್ನು ಮೇಜಿಗೆ ತಟ್ಟಿ. ಪೂರ್ತಿ ಗಟ್ಟಿ ಬೇಡ ಅಂದರೆ ತುಂಬಿ, ತುಸು ಹೊತ್ತು ಬಿಟ್ಟು, ಬೋರಲು ಹಾಕಿ. 3ರಿಂದ 5 ಮಿಲಿಮೀಟರ್ ದಪ್ಪದ ಟೊಳ್ಳು ಚಿಪ್ಪು ಉಳಿಯುತ್ತದೆ. ಹಗುರ, ಚಾಕೊಲೇಟೂ ಉಳಿತಾಯ. ಒಡೆದ ಚಿಪ್ಪನ್ನು ತೋರಿಸುವ ಆಸೆಯಿದ್ದರೆ ಟೊಳ್ಳೇ ಬೇಕು. ತಣ್ಣಗಾಗಲು ಫ್ರಿಜ್‌ನಲ್ಲಿಟ್ಟರೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಹೊರತೆಗೆದು, ಕೋಣೆಯ ಉಷ್ಣತೆಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ. ಇಲ್ಲದಿದ್ದರೆ ತೇವ ಕೂತು, ಸಕ್ಕರೆ ಕರಗಿ, ಒಣಗಿದ ಮೇಲೆ ಬಿಳಿ ಒರಟು ಪದರ ಏಳುತ್ತದೆ. ಇದು ಶುಗರ್ ಬ್ಲೂಮ್.

ಆರಂಭದ ಖರ್ಚು ಎಲ್ಲಕ್ಕಿಂತ ಜಾಸ್ತಿ ಇರುವುದು ಇಲ್ಲೇ. ಮಣ್ಣು, ಸಿಲಿಕೋನ್, ಥರ್ಮಾಮೀಟರ್, ಕಾಯುವ ಸಮಯ. ಆದರೆ ಎರಡನೇ ಪ್ರತಿಯಿಂದ ಬರೀ ಚಾಕೊಲೇಟಿನ ಖರ್ಚು. ಒಂದನ್ನು ಒಡೆದು, ಒಂದನ್ನು ಕರಗಿಸಿ, ಒಂದನ್ನು ಇಡಿಯಾಗಿಟ್ಟು ಫೋಟೊ ತೆಗೆಯುವ ಯೋಚನೆಯಿದ್ದರೆ ಕೆತ್ತನೆಯ ಕಡೆ ತಿರುಗಿಯೂ ನೋಡಬೇಡಿ.

ಮಾಡೆಲಿಂಗ್ ಚಾಕೊಲೇಟ್

ಕರಗಿದ ಚಾಕೊಲೇಟಿಗೆ ಲಿಕ್ವಿಡ್ ಗ್ಲೂಕೋಸ್ ಅಥವಾ ಕಾರ್ನ್ ಸಿರಪ್ ಬೆರೆಸಿದರೆ ಸಿಗುವ, ಕೈಯಲ್ಲಿ ನಾದಬಹುದಾದ ಮುದ್ದೆ ಇದು. ತೂಕದಲ್ಲಿ ಡಾರ್ಕ್ ಆದರೆ ಎರಡು ಪಾಲಿಗೆ ಒಂದು ಪಾಲು ಸಿರಪ್. ವೈಟ್ ಆದರೆ ಮೂರರಿಂದ ನಾಲ್ಕು ಪಾಲಿಗೆ ಒಂದು. ಬೆರೆಸಿದ್ದನ್ನು ಸುತ್ತಿಟ್ಟು ಒಂದು ರಾತ್ರಿ ಬಿಟ್ಟರೆ ಹದಕ್ಕೆ ಬರುತ್ತದೆ. ಟೆಂಪರಿಂಗ್ ಬೇಡ, ಅಚ್ಚು ಬೇಡ.

ಬಸವನಹುಳುವಿನ ಮೈಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೆತ್ತಗೆ ಬಾಗಿದ ಕುತ್ತಿಗೆ, ಅಂಚಿನ ಸುಕ್ಕು, ಟೂತ್‌ಬ್ರಷ್ ಒತ್ತಿ ತೆಗೆದ ಸಣ್ಣ ಉಬ್ಬುಗಳು, ಎಲ್ಲ ಬರುತ್ತವೆ. ಕೊಂಬನ್ನು ತೆಳು ತಂತಿಯ ಮೇಲೆ ಹೊಸೆದು ಕೂರಿಸಿದರೆ ಬಾಗುವುದಿಲ್ಲ (ತಿನ್ನುವ ಮುಂಚೆ ತಂತಿ ತೆಗೆಯಲು ಮರೆಯಬೇಡಿ). ತಪ್ಪಾದರೆ ಒತ್ತಿ ಮತ್ತೆ ಮಾಡಬಹುದು. ಈ ಸ್ವಾತಂತ್ರ್ಯ ಕೆತ್ತನೆಯಲ್ಲೂ ಇಲ್ಲ, ಅಚ್ಚಿನಲ್ಲೂ ಇಲ್ಲ.

ಕೈ ಬಿಸಿ ಇರುವವರಿಗೆ ಮಾತ್ರ ಇದು ಸತಾಯಿಸುತ್ತದೆ. ಜಾಸ್ತಿ ನಾದಿದರೆ ಕೊಬ್ಬು ಬಿಟ್ಟುಕೊಂಡು ಜಿಡ್ಡಾಗುತ್ತದೆ. ಆಗ ಜಗಳಕ್ಕೆ ಇಳಿಯದೆ ತಣ್ಣಗಾಗಲು ಬಿಡಿ. ಇನ್ನೊಂದು ಕೊರತೆ ಮೇಲ್ಮೈಯದು. ಮಂದ ಹೊಳಪು, ಮುರಿದರೆ ಟಕ್ ಅನ್ನುವುದಿಲ್ಲ, ಅಂಚು ಚೂಪಾಗಿ ನಿಲ್ಲುವುದಿಲ್ಲ. ಹತ್ತಿರದಿಂದ ನೋಡಿದರೆ ಚಾಕೊಲೇಟಿಗಿಂತ ಮಣ್ಣಿನ ಗೊಂಬೆ ಅನ್ನಿಸುವ ಅಪಾಯವಿದೆ. ಪಕ್ಕದಲ್ಲಿ ನಿಜವಾದ ಚಾಕೊಲೇಟಿನ ಮುರಿದ ತುಂಡೊಂದನ್ನು ಇಟ್ಟರೆ ಕಣ್ಣು ಇದನ್ನೂ ಚಾಕೊಲೇಟ್ ಅಂತಲೇ ಓದುತ್ತದೆ.

ನಕಲಿ

ಜೇಡಿಮಣ್ಣಿನ ಬದಲು ಪಾಲಿಮರ್ ಕ್ಲೇನಲ್ಲಿ (ಮಣ್ಣಿನಂತೆ ನಾದಬಹುದಾದ ಪ್ಲಾಸ್ಟಿಕ್ ಮುದ್ದೆ) ಮಾಡಿ, ಓವನ್‌ನಲ್ಲಿ ಸುಟ್ಟು, ಅಕ್ರಿಲಿಕ್ ಬಣ್ಣ ಮತ್ತು ವಾರ್ನಿಷ್ ಹಚ್ಚಿದರೆ ಎಂಥ ದೀಪದ ಕೆಳಗೂ ಕರಗದು. ಸೆಕೆಯಲ್ಲಿ ದಿನಗಟ್ಟಲೆ ಶೂಟ್ ಮಾಡುವವರಿಗೆ ಬೇರೆ ದಾರಿಯೂ ಕಡಿಮೆ. ಕಲಾತ್ಮಕ ಫೋಟೊದಲ್ಲಿ ಇದರಲ್ಲಿ ತಪ್ಪೇನಿಲ್ಲ. ಮಾರಾಟದ ತಿನಿಸಿನ ಜಾಹೀರಾತಾದರೆ ವಿಷಯ ಬೇರೆ, ಅಲ್ಲಿ ಮಾರುವ ವಸ್ತುವನ್ನೇ ತೋರಿಸಬೇಕು. ಆದರೂ ನನ್ನ ಮನಸ್ಸು ನಿಜವಾದದ್ದರ ಕಡೆಗೇ ವಾಲುತ್ತದೆ. ಅಂಚಿನಲ್ಲಿ ಎದ್ದ ಒಂದು ಚಕ್ಕೆ, ಬೆರಳ ಬಿಸಿಗೆ ಕಪ್ಪೇರಿದ ಒಂದು ಜಾಗ, ಇವನ್ನು ಬಣ್ಣದಲ್ಲಿ ತರುವುದು ತುಂಬಾ ಕಷ್ಟ.

ಮೇಲ್ಮೈಗೆ ತಕ್ಕ ಬೆಳಕು

ಆರಿಸುವ ಮುಂಚೆ ನಿಮ್ಮ ಬಳಿ ಯಾವ ಬೆಳಕಿದೆ ಅಂತಲೂ ನೋಡಿಕೊಳ್ಳಿ. ಅಚ್ಚಿನಿಂದ ಬಂದ ಹೊಳೆಯುವ ಚಿಪ್ಪು ಸುತ್ತಲಿನದ್ದನ್ನೆಲ್ಲ ತೋರಿಸುತ್ತದೆ: ದೀಪ, ಟ್ರೈಪಾಡ್, ನಿಮ್ಮ ಅಂಗಿ ಕೂಡ. ಅದಕ್ಕೆ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಿ ಮೆದು ಮಾಡುವ ಬಟ್ಟೆಯ ಪೆಟ್ಟಿಗೆ) ಬೇಕು, ಇಲ್ಲವೇ ದೀಪದ ಮುಂದೆ ಟ್ರೇಸಿಂಗ್ ಪೇಪರ್ ಹಾಳೆ ಕಟ್ಟಬೇಕು. ಹಿಂಬದಿಯಿಂದ ಬೆಳಕು ಬಿಟ್ಟರೆ ಚಿಪ್ಪಿನ ಮೇಲೆ ಒಂದೇ ಉದ್ದ ಹೊಳಪು ಹರಿಯುತ್ತದೆ. ಪಕ್ಕದಲ್ಲಿ ಕಪ್ಪು ರಟ್ಟು ಹಿಡಿದರೆ ಅಂಚು ಬಿಡಿಸಿಕೊಳ್ಳುತ್ತದೆ. ಪೋಲರೈಸರ್ ಫಿಲ್ಟರ್‌ನಿಂದ ಹೊಳಪು ತಗ್ಗಿಸಬಹುದು, ಆದರೆ ಪೂರ್ತಿ ತಿರುಗಿಸಿದರೆ ಚಾಕೊಲೇಟ್ ಜೀವ ಕಳೆದುಕೊಂಡು ಕೆಸರಿನ ಬಣ್ಣಕ್ಕೆ ಬರುತ್ತದೆ.

ಕೆತ್ತಿದ ಮೈ ಮತ್ತು ಮಾಡೆಲಿಂಗ್ ಚಾಕೊಲೇಟಿಗೆ ಇಷ್ಟು ಸರಂಜಾಮು ಬೇಡ. ಪಕ್ಕದಿಂದ, ತಗ್ಗಿನಿಂದ ಬರುವ ಒಂದೇ ದೀಪ ಅಥವಾ ಒಂದು ಕಿಟಕಿ ಸಾಕು. ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಫ್ರೇಮ್ ತುಂಬಾ ಕಪ್ಪು ವಸ್ತು ಇದ್ದಾಗ ಕ್ಯಾಮೆರಾದ ಮೀಟರ್ ಮೋಸಹೋಗಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಕಡಿಮೆ ಮಾಡಿ ನೋಡಿ.

ಹಾಗಾದರೆ ಯಾರಿಗೆ ಯಾವುದು?

ಮೊದಲ ಸಲ ಮಾಡುತ್ತಿದ್ದೀರಿ, ಖರ್ಚು ಕಡಿಮೆ ಇರಬೇಕು, ಕಿಟಕಿ ಬೆಳಕೇ ಗತಿ ಅಂದರೆ ಮಾಡೆಲಿಂಗ್ ಚಾಕೊಲೇಟ್. ಉಳಿ ಹಿಡಿದು ಅಭ್ಯಾಸವಿದೆ, ಒಂದೇ ಚಿತ್ರ ಸಾಕು, ಕೈಕೆಲಸ ಕಾಣಬೇಕು ಅಂದರೆ ಕೆತ್ತನೆ. ಸರಣಿ ಚಿತ್ರ ಬೇಕು, ಒಡೆಯುವ ಕರಗುವ ದೃಶ್ಯ ಬೇಕು, ಹೊಳಪೇ ಜೀವ ಅಂದರೆ ಅಚ್ಚು. ದೀರ್ಘ ಫೋಕಸ್ ಸ್ಟ್ಯಾಕ್, ಬಿಸಿ ಕೋಣೆ, ಬದಲಾಯಿಸಲಾಗದ ದೀಪ, ಈ ಮೂರೂ ಒಟ್ಟಿಗೆ ಬಂದರೆ ಮಾತ್ರ ನಕಲಿ.

ನನ್ನ ಬಸವನಹುಳುವಿಗೆ ನಾನು ಒಂದನ್ನೇ ಆರಿಸುವುದಿಲ್ಲ. ಚಿಪ್ಪು ಅಚ್ಚಿನಿಂದ, ಮೈ ಮತ್ತು ಕೊಂಬು ಮಾಡೆಲಿಂಗ್ ಚಾಕೊಲೇಟಿನಿಂದ. ಎರಡನ್ನೂ ಸೇರಿಸುವ ಜಾಗವನ್ನು ಸೂಜಿಯಿಂದ ಗೀಚಿ ಒರಟು ಮಾಡಿ, ಕರಗಿದ ಚಾಕೊಲೇಟ್ ಸವರಿ, ಗಟ್ಟಿಯಾಗುವವರೆಗೆ ಹಿಡಿದುಕೊಂಡರೆ ಆಯಿತು. ಹೊಳೆಯುವ ಚಿಪ್ಪು ಮತ್ತು ಮಂದ ಮೈ ಪಕ್ಕಪಕ್ಕ ಇದ್ದಾಗ ಎರಡೂ ಇನ್ನಷ್ಟು ನಿಜ ಅನ್ನಿಸುತ್ತವೆ.

ಯಾವುದನ್ನೇ ಆರಿಸಿದರೂ ಬೆಳಕು ಹೊಂದಿಸುವಾಗ ಅಸಲಿ ಆಕೃತಿಯನ್ನು ಮೇಜಿನ ಮೇಲೆ ಇಡಬೇಡಿ. ಅದೇ ಗಾತ್ರದ, ಅದೇ ಬಣ್ಣದ ಬೇರೆ ಯಾವುದಾದರೂ ವಸ್ತು ಇಟ್ಟು ಫೋಕಸ್, ಎಕ್ಸ್‌ಪೋಶರ್, ಕಪ್ಪು ರಟ್ಟಿನ ಜಾಗ ಎಲ್ಲ ಗೊತ್ತು ಮಾಡಿಕೊಳ್ಳಿ. ಮೇಜಿನ ಮೇಲೆ ಅದರ ಜಾಗಕ್ಕೆ ಟೇಪ್‌ನ ಚಿಕ್ಕ ಗುರುತು ಹಾಕಿ. ಆಮೇಲೆ ಗ್ಲೌಸ್ ತೊಟ್ಟು ಅಸಲಿಯನ್ನು ತಂದು ಕೂರಿಸಿ, ಟೇಪ್ ತೆಗೆದು, ಬ್ಲೋವರ್‌ನಿಂದ ಒಮ್ಮೆ ಧೂಳು ಊದಿ, ಕ್ಲಿಕ್ ಮಾಡಿ.